ಸುಟ್ಟ ದೀಪ ಕಲಿಸಿದ ಪಾಠ

ಓಮ್‌ನ ನಿಯಮವನ್ನು ನಾನು ಇಪ್ಪತ್ತೈದು ವರ್ಷ ಕರಿಹಲಗೆಯ ಮೇಲೆ ಬೋಧಿಸಿದ್ದೆ. ಒಮ್ಮೆಯೂ ಕಣ್ಣಾರೆ ತೋರಿಸಿರಲಿಲ್ಲ. ಕಳೆದ ವರ್ಷ ಸೊಲ್ಲಾಪುರದ ನವಿ ಪೇಠಕ್ಕೆ ಹೋದಾಗ ಒಂದಿಷ್ಟು ಎಲ್‌ಇಡಿ ದೀಪ, ರೆಸಿಸ್ಟರ್, ತಂತಿ ಹಾಗೂ 9 ವೋಲ್ಟಿನ ಬ್ಯಾಟರಿಯನ್ನು ಕೊಂಡು ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯ ಶಾಲೆಗೆ ತಂದೆನು.

ಒಂಬತ್ತನೆಯ ಇಯತ್ತೆಯ ಬಾಲಕಿಯೊಬ್ಬಳು ಕೆಂಪು ದೀಪವನ್ನು ನೇರವಾಗಿ ಬ್ಯಾಟರಿಗೆ ಹಚ್ಚಿದಳು. ಅದು ಒಮ್ಮೆ ಪ್ರಖರವಾಗಿ ಬೆಳಗಿ ಆರಿಹೋಯಿತು. "ಗುರುಗಳೇ, ಯಾಕ ಸುಟ್ಟಿತ್ರಿ?" ಎಂದು ಅಂಜುತ್ತ ಕೇಳಿದಳು. ನಾನು ಗದರಿಸಲಿಲ್ಲ, ಲೆಕ್ಕ ಮಾಡಿಸಿದೆನು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 7 ವೋಲ್ಟಿಗೆ ಅಲ್ಲಿ ತಡೆಯೇ ಇರಲಿಲ್ಲ. 470 ಓಮ್‌ನ ರೆಸಿಸ್ಟರನ್ನು ಸರಣಿಯಲ್ಲಿ ಜೋಡಿಸಿದರೆ, 7ನ್ನು 470ರಿಂದ ಭಾಗಿಸಿದಂತೆ, ಸುಮಾರು 15 ಮಿಲಿಆಂಪಿಯರ್ ಮಾತ್ರ ಹರಿಯುತ್ತದೆ. ಹಾಗೆಯೇ ಜೋಡಿಸಿದಳು, ಹೊಸ ದೀಪ ಶಾಂತವಾಗಿ ಉರಿಯಿತು. ಬ್ಯಾಟರಿಯನ್ನು ತಿರುಗಿಸಿ ಹಚ್ಚಿದಾಗ ಉರಿಯಲಿಲ್ಲ. ಎಲ್‌ಇಡಿ ಒಂದೇ ದಿಕ್ಕಿಗೆ ವಿದ್ಯುತ್ತನ್ನು ಬಿಡುತ್ತದೆಂಬುದನ್ನು ಮಕ್ಕಳು ತಾವೇ ಕಂಡುಕೊಂಡರು.

ಓಮ್ ಕೂಡ ಜರ್ಮನಿಯ ಕೊಲೋನ್ ನಗರದಲ್ಲಿ ಶಾಲಾಶಿಕ್ಷಕನಾಗಿದ್ದವನು. ನಾನಾ ಉದ್ದದ ತಂತಿಗಳನ್ನು ಜೋಡಿಸಿ ಅಳೆದೇ ಆತ ತನ್ನ ನಿಯಮವನ್ನು ಕಂಡುಕೊಂಡು 1827ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಕೈಯಿಂದ ಹುಟ್ಟಿದ ವಿದ್ಯೆಯನ್ನು ನಾನು ಬಾಯಿಪಾಠ ಮಾಡಿಸುತ್ತಿದ್ದೆನು!

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಬ್ಯಾಟರಿಯ ಹಳೆಯ ರೇಡಿಯೋವನ್ನು ಬಿಚ್ಚಿ ನೋಡುವ ಮಗುವನ್ನು ಗದರಬೇಡಿರಿ, ಹತ್ತಿರ ಕುಳಿತು ನೀವೂ ನೋಡಿರಿ. ಆದರೆ ಪ್ರಯೋಗವೆಲ್ಲ ಸಣ್ಣ ಬ್ಯಾಟರಿಯಿಂದಲೇ ನಡೆಯಲಿ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಮಕ್ಕಳು ಮುಟ್ಟಕೂಡದು. ದೀಪವೊಂದು ಸುಟ್ಟರೆ ಹೋಗುವುದು ಕೆಲವೇ ರೂಪಾಯಿ. ಅಂಜಿಕೆಯಿಂದ ಆರಿದ ಕುತೂಹಲವನ್ನು ಮತ್ತೆ ಹೊತ್ತಿಸುವುದು ಕಷ್ಟ.