ಮೊಳಕೆ ಕಾಳು ತಿನ್ನೋಣ, ಗುಳಿಗೆ ಬಿಡಬಾರದು

ಸಮಡೋಳಿ ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನ ಊರು. ಇದು ಕಬ್ಬಿನ ಸೀಮೆ. ರೊಟ್ಟಿ ಜೊತೆ ಮೊಳಕೆ ಬಂದ ಮಡಕಿ ಕಾಳಿನ ಉಸಳಿ ಇಲ್ಲಿ ಹೊಸದಲ್ಲ. ಇಂಥ ಮಾತನ್ನು ನೀವೂ ಕೇಳಿರಬಹುದು.

"ಅಕ್ಕಾ, ಮೊಳಕೆ ಕಾಳು ತಿಂದರ ಸಕ್ಕರೆ ರೋಗ ಹೋಗತೈತಂತ. ಗುಳಿಗಿ ಬಿಡಲೇನು?"

"ಬ್ಯಾಡವ್ವಾ. ಕಾಳು ತಿನ್ನು, ಗುಳಿಗಿನೂ ತಗೋ."

ಅಕ್ಕ ಹೇಳಿದ್ದು ಸರಿ. ಯಾಕೆ?

ಕಾಳಿನಲ್ಲಿ ನಾರು ಇದೆ. ನಾರು ಇದ್ದರೆ ಊಟದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮೆಂತೆ ಕಾಳಿನ ಲೋಳೆಯೂ ಇದೇ ಕೆಲಸ ಮಾಡುತ್ತದೆ. ಮೊಳಕೆ ಬಂದಾಗ 'ಸಿ' ಜೀವಸತ್ವ ಹೆಚ್ಚುತ್ತದೆ.

ಸ್ವೀಡನ್ ದೇಶದಲ್ಲಿ 97 ಸಕ್ಕರೆ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ಅವರಲ್ಲಿ ಕೆಲವರಿಗೆ ಬ್ರೊಕೋಲಿ ಎಂಬ ತರಕಾರಿಯ ಮೊಳಕೆಯ ಸಾರವನ್ನು 12 ವಾರ ಕೊಟ್ಟರು. ಫಲ 2017ರಲ್ಲಿ ಹೊರಬಂತು. ದಪ್ಪ ಮೈಯವರು, ಸಕ್ಕರೆ ಹತೋಟಿಗೆ ಬರದವರು, ಇಂಥವರಿಗೆ ಸ್ವಲ್ಪ ಇಳಿಯಿತು. ಆದರೆ ಅದು ಗಟ್ಟಿ ಸಾರ, ಮುಷ್ಟಿ ಕಾಳಲ್ಲ. ಅವರಲ್ಲಿ ಹೆಚ್ಚಿನವರು ಗುಳಿಗೆಯನ್ನೂ ನುಂಗುತ್ತಿದ್ದರು.

ಮಂಡಿ ನೋವು? ಇಲಿಗಳಲ್ಲಿ ಈ ಸಾರದಿಂದ ನೋವು ಕಡಿಮೆಯಾಗಿದೆ. ಮನುಷ್ಯರಿಗೆ ಇದೇ ಔಷಧಿ ಎನ್ನಲು ಪುರಾವೆ ಸಾಲದು.

ಮೊಳಕೆ ಬರಿಸುವುದು ಸುಲಭ. ಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ. ಮೊಳಕೆ ಬಂದ ಮೇಲೆ ತೊಳೆದು ಬೇಯಿಸಿ ಉಣ್ಣಿ. ಹಸಿ ಮೊಳಕೆಯಲ್ಲಿ ರೋಗಾಣು ಬೆಳೆಯಬಹುದು. ಬಸುರಿಯರು, ಮಕ್ಕಳು, ಮುದುಕರು ಹಸಿಯದನ್ನು ತಿನ್ನಬಾರದು. ಮೊಳಕೆ ತಿನ್ನದ ಜೈನ ಮನೆಯವರು ಕಾಳನ್ನು ಹಾಗೇ ಬೇಯಿಸಿ ಉಣ್ಣಬಹುದು. ನಾರು ಅದರಲ್ಲೂ ಇದೆ.

ಗುಳಿಗೆ ಕಡಿಮೆ ಮಾಡುವುದು ಡಾಕ್ಟರ ಕೆಲಸ. ರಕ್ತ ತಪಾಸಣೆ ಮಾಡಿಸಿ, ಅವರನ್ನೇ ಕೇಳಿ.