ಟ್ರೈಲರ್‌ನಲ್ಲಿ ಸಿಗದ ಏಟು

‘ಗ್ರಾಫಿಕ್ಸು ಸಖತ್ತಾಗದೆ ಕಣ್ಲಾ. ಫೈಟು ಹೆಂಗದೋ ಗೊತ್ತಿಲ್ಲ.’

ದೊಡ್ಡ ಗೇಮೊಂದರ ಟ್ರೈಲರ್ ಬಿದ್ದ ರಾತ್ರಿ ಮದ್ದೂರು, ಮಳವಳ್ಳಿ ಕಡೆಯ ಹುಡುಗರ ಹರಟೆ ಸುತ್ತಿ ಬಳಸಿ ಬಂದು ನಿಲ್ಲುವುದು ಇಲ್ಲಿಗೇ. ಮೊದಲ ಮಾತನ್ನು ಧೈರ್ಯವಾಗಿ ಹೇಳುತ್ತಾರೆ, ಕಣ್ಣಾರೆ ಕಂಡಿದ್ದಾರಲ್ಲ. ಎರಡನೆಯದರಲ್ಲಿ ಅನುಮಾನ ಇಣುಕುತ್ತದೆ. ವಿಡಿಯೊ ಗೇಮ್ ಉದ್ಯಮದ ದೊಡ್ಡ ದೊಡ್ಡ ಸೋಲುಗಳಲ್ಲಿ ಹಲವು ಆ ಎರಡು ಮಾತುಗಳ ನಡುವಿನ ಸಂದಿಯಲ್ಲೇ ಆಗಿವೆ. ಅಂಥದ್ದೊಂದು ಸೋಲಿನ ಬಿಸಿ ಮದ್ದೂರಿನಿಂದ ಎಂಬತ್ತು ಕಿಲೋಮೀಟರ್ ಆಚೆಯ ಬೆಂಗಳೂರಿಗೂ ತಟ್ಟಿತ್ತು.

ಪ್ರಳಯ ಮುಗಿದ ಮೇಲಿನ ಲೋಕ ನಾನು ಹೇಳಹೊರಟಿರುವ ಗೇಮ್‌ಗಳ ಕಥಾವಸ್ತು. ಕಾಯಿಲೆಯೋ ಅಣುಯುದ್ಧವೋ ಬಂದು ಜಗತ್ತು ಮುಗಿದಿರುತ್ತದೆ. ಉಳಿದ ನಾಲ್ಕು ಜನ ಅನ್ನ, ಔಷಧಿ, ಗುಂಡಿಗಾಗಿ ಅಲೆಯುತ್ತಿರುತ್ತಾರೆ. ಸತ್ತವರು ಎದ್ದು ಬರುತ್ತಾರೆ. ಟ್ರೈಲರ್ ಕತ್ತರಿಸುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗದು. ಪಾಳುಬಿದ್ದ ಕಟ್ಟಡದ ಕಿಟಕಿಯಿಂದ ತೂರುವ ಬೆಳಕು, ಡಾಂಬರು ಸೀಳಿ ಎದ್ದ ಹುಲ್ಲು, ತುಕ್ಕು ಹಿಡಿದ ಬಸ್ಸು ತಾವಾಗಿಯೇ ಚಂದ ಕಾಣುತ್ತವೆ. ಹಾಳು ಬಿದ್ದದ್ದು ಚಿತ್ರಕ್ಕೆ ಒಗ್ಗುತ್ತದೆ. ಆದರೆ ಹೊಡೆದಾಟ ಕಣ್ಣಿಗಿಂತ ಹೆಚ್ಚಾಗಿ ಕೈಗೆ ಸಂಬಂಧಿಸಿದ ಸಂಗತಿ. ಅಖಾಡದ ಫೋಟೊ ನೋಡಿ ಪೈಲ್ವಾನನ ಪಟ್ಟು ಎಷ್ಟು ಬಿಗಿಯಾಗಿತ್ತು ಎಂದು ಹೇಳಲು ಬರುವುದಿಲ್ಲ, ಸಿಕ್ಕಿಬಿದ್ದವನನ್ನೇ ಕೇಳಬೇಕು.

ಬೆಂಗಳೂರಿನ ಕಥೆ ಹೀಗಿದೆ. ರಾಜೇಶ್ ರಾವ್ 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೊ ಶುರು ಮಾಡಿದರು. ಗೇಮ್ ಮಾಡುವುದೂ ಒಂದು ಕೆಲಸವೇ ಎಂದು ಮನೆಯವರು ಕೇಳುತ್ತಿದ್ದ ಕಾಲ ಅದು. ಭಾರತದ ಮೊದಲ ಗೇಮ್ ಸ್ಟುಡಿಯೊಗಳ ಸಾಲಿನಲ್ಲಿ ಅದರ ಹೆಸರೇ ಮುಂದೆ ಬರುತ್ತದೆ. ವಿದೇಶದ ದೊಡ್ಡ ಕಂಪನಿಗಳ ಗೇಮ್‌ಗಳಿಗೆ ಕಾರು, ಕಟ್ಟಡ, ಬಂದೂಕು, ಗಿಡಮರಗಳನ್ನು ಇಲ್ಲಿನ ಕಲಾವಿದರು ರೂಪಿಸಿ ಕಳಿಸುತ್ತಿದ್ದರು. ‘ಫೋರ್ಝಾ’ ಸರಣಿಯ ಕಾರುಗಳಲ್ಲಿ ಬೆಂಗಳೂರಿನ ಕೈಚಳಕ ಇದೆ ಎಂಬುದು ಅದನ್ನು ಆಡಿದ ಬಹುಪಾಲು ಜನರಿಗೆ ಇವತ್ತಿಗೂ ತಿಳಿಯದು. 2016ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವವನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ‘ಪೇಡೇ 2’ ಗೇಮಿನಿಂದ ಕಾಸು ಕಂಡಿದ್ದ ಸ್ಟಾರ್‌ಬ್ರೀಜ್ ಆಗ ಒಂದು ಗೇಮಿನ ಮೇಲೆ ದೊಡ್ಡ ಭರವಸೆ ಇಟ್ಟು ಕೂತಿತ್ತು. ಅದರ ಹೆಸರು ‘ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್’.

ರಾಬರ್ಟ್ ಕರ್ಕ್‌ಮನ್ ಅವರ ಕಾಮಿಕ್ಸ್ ಲೋಕವನ್ನು ಆಧರಿಸಿದ ಗೇಮ್ ಅದು. ವಾಷಿಂಗ್ಟನ್ ಪಾಳುಬಿದ್ದಿದೆ, ನಾಲ್ವರು ಜೊತೆಗೂಡಿ ಆಡಬೇಕು, ಗುಂಡು ಹಾರಿಸಿದರೆ ಸದ್ದಿಗೆ ಹೆಣಗಳ ಹಿಂಡೇ ನುಗ್ಗುತ್ತದೆ, ಆದ್ದರಿಂದ ಆದಷ್ಟೂ ದೊಣ್ಣೆ, ಮಚ್ಚುಗಳಲ್ಲೇ ಕೆಲಸ ಮುಗಿಸಬೇಕು. ಯೋಚನೆ ಚೆನ್ನಾಗಿಯೇ ಇತ್ತು. 2014ರ ಆಗಸ್ಟ್‌ನಲ್ಲಿ ಘೋಷಣೆಯಾಯಿತು. 2016ಕ್ಕೆ ಬರುತ್ತದೆ ಎಂದರು, ಆಮೇಲೆ 2017 ಎಂದರು, ಕೊನೆಗೆ 2018. ಮಧ್ಯೆ ಏಡನ್, ಮಾಯಾ, ಗ್ರಾಂಟ್, ಹೆದರ್ ಎಂಬ ನಾಲ್ಕು ಪಾತ್ರಗಳಿಗೆ ಒಂದೊಂದರಂತೆ ಟ್ರೈಲರ್ ಬಂತು. ಒಂದೊಂದೂ ಒಂದೊಂದು ಕಿರುಚಿತ್ರ. ಚರ್ಮದ ರಂಧ್ರ, ಕಣ್ಣಂಚಿನ ನೀರು ಎಲ್ಲ ಕಾಣುತ್ತಿತ್ತು. ಅಭಿಮಾನಿಗಳು ಕಾದರು. ಆ ಟ್ರೈಲರ್‌ಗಳಲ್ಲಿ ಗೇಮ್ ಮಾತ್ರ ಇರಲಿಲ್ಲ. ಅವು ಬೇರೆಯೇ ಆಗಿ ತಯಾರಾದ ಅನಿಮೇಷನ್.

ಒಳಗೆ ನಡೆಯುತ್ತಿದ್ದದ್ದು ಬೇರೆ. 2015ರಲ್ಲಿ ಕೊಂಡಿದ್ದ ‘ವಲ್ಹಾಲಾ’ ಎಂಬ ಎಂಜಿನ್ ಕೈಕೊಟ್ಟಿತ್ತು. ಗೇಮಿನ ದೃಶ್ಯ, ಚಲನೆ, ಡಿಕ್ಕಿ ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶವೇ ಎಂಜಿನ್. ಅದನ್ನು ಬಿಟ್ಟು ಅನ್‌ರಿಯಲ್ ಎಂಜಿನ್‌ಗೆ ಬಂದು ಕೆಲಸವನ್ನು ಮೊದಲಿನಿಂದ ಶುರು ಮಾಡಬೇಕಾಯಿತು. 2018ರ ನವೆಂಬರ್ 6ರಂದು ಗೇಮ್ ಹೊರಬಂತು. ಬಂದೂಕು ಜಡ, ಏಟು ಸಪ್ಪೆ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುತ್ತದೆ ಎಂಬ ದೂರುಗಳು ಶುರುವಾದವು. ತಿಂಗಳು ತುಂಬುವುದರೊಳಗೆ, ಡಿಸೆಂಬರ್ 3ರಂದು, ಸ್ಟಾರ್‌ಬ್ರೀಜ್ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಕರ್ಕ್‌ಮನ್ ಅವರ ಸ್ಕೈಬೌಂಡ್ ಕಂಪನಿ 2019ರ ಫೆಬ್ರುವರಿಯಲ್ಲಿ ಪರವಾನಗಿ ಹಿಂಪಡೆಯಿತು. ಮನೆ ಉಳಿಸಿಕೊಳ್ಳಲು ಸಾಮಾನು ಮಾರಲೇಬೇಕಿತ್ತು; ಮಾರಾಟವಾದವುಗಳಲ್ಲಿ ಬೆಂಗಳೂರಿನ ಧ್ರುವವೂ ಒಂದು. 2019ರ ಮೇನಲ್ಲಿ ‘ಜಿಟಿಎ’ ಖ್ಯಾತಿಯ ರಾಕ್‌ಸ್ಟಾರ್ ಅದರ ಸುಮಾರು ಶೇ 92ರಷ್ಟು ಪಾಲನ್ನು 79 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು. ಬೆಂಗಳೂರಿನಲ್ಲಿ ಮೊದಲೇ ಇದ್ದ ತನ್ನ ಘಟಕಕ್ಕೆ ಅದನ್ನು ಸೇರಿಸಿಕೊಂಡಿತು.

ಧ್ರುವದವರ ಮಟ್ಟಿಗೆ ಅದು ಬಾಣಲೆಯಿಂದ ಬೆಂಕಿಗೆ ಬೀಳದೆ ನೆಲಕ್ಕೆ ಇಳಿದ ಹಾಗಾಯಿತು ಅನ್ನಿ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನ ಗ್ರಾಫಿಕ್ಸ್ ಕಂಪನಿ ಟೆಕ್ನಿಕಲರ್ ಜಗತ್ತಿನಾದ್ಯಂತ ಕುಸಿದಾಗ ಬೆಂಗಳೂರಿನ ಗ್ರಾಫಿಕ್ಸ್ ಕಲಾವಿದರು ಸಾವಿರಾರು ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ರಾಜ್ಯ ಸರ್ಕಾರ 2012ರಿಂದಲೂ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ನೀತಿ ಮಾಡುತ್ತಾ ಬಂದಿದೆ. 2024–29ರ ನೀತಿಯೂ ಬಂದಿದೆ. ಮಂಡ್ಯ ಕಡೆಯಿಂದ ಬೆಳಗಿನ ರೈಲು ಹತ್ತುವ ಹುಡುಗ, ಹುಡುಗಿಯರಿಗೆ ಈ ಉದ್ಯಮದ ಬಾಗಿಲು ತೆರೆದಿದೆ, ನಿಜ. ಆ ಬಾಗಿಲಿನ ಕೀಲು ಮಾತ್ರ ಸ್ಟಾಕ್‌ಹೋಮ್‌ನಲ್ಲೋ ಪ್ಯಾರಿಸ್‌ನಲ್ಲೋ ಇರುತ್ತದೆ.

ಇನ್ನು ಹೊಡೆದಾಟದ ವಿಷಯ. ಗೇಮಿನಲ್ಲಿ ‘ಫೈಟ್ ಚೆನ್ನಾಗಿದೆ’ ಎಂದರೆ ಏನು? ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಒಂದೊಂದು ಚಿತ್ರ ಪರದೆಯ ಮೇಲಿರುವುದು ಸುಮಾರು 17 ಮಿಲಿಸೆಕೆಂಡ್. 30 ಫ್ರೇಮ್ ಆದರೆ 33. ಗುಂಡಿ ಒತ್ತಿದ ಮೇಲೆ ದೊಣ್ಣೆ ಬೀಸಲು ಎಷ್ಟು ಫ್ರೇಮ್ ಹಿಡಿಯಿತು, ಬೀಸಿದ್ದನ್ನು ಅರ್ಧಕ್ಕೆ ಬಿಟ್ಟು ಪಕ್ಕಕ್ಕೆ ಜಿಗಿಯಲು ಬಿಡುತ್ತದೆಯೇ ಎಂಬ ಲೆಕ್ಕವನ್ನು ಬೆರಳು ತಾನಾಗಿ ಮಾಡುತ್ತದೆ. ಏಟು ತಾಗಿದ ಕ್ಷಣದಲ್ಲಿ ಕೆಲವು ಫ್ರೇಮ್ ಇಡೀ ದೃಶ್ಯವನ್ನೇ ನಿಲ್ಲಿಸಿಬಿಡುವ ಹಳೆಯ ಯುಕ್ತಿಯೊಂದಿದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕೈಗೆ ತೂಕ ಬರುತ್ತದೆ. ಹೊಡೆಸಿಕೊಂಡವನು ಯಾವ ಕಡೆಗೆ ವಾಲಿದ, ಪಕ್ಕದವನು ಬೆಚ್ಚಿದನೇ, ಸದ್ದು ಎಲ್ಲಿಂದ ಬಂತು ಎಂಬುದೂ ಲೆಕ್ಕಕ್ಕೆ ಸೇರುತ್ತದೆ. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಗೇಮಿನಲ್ಲಿ ಸತ್ತು ಬಿದ್ದ ಜೊತೆಗಾರನನ್ನು ಕಂಡ ಶತ್ರು ಅವನ ಹೆಸರು ಹಿಡಿದು ಕೂಗುತ್ತಾನೆ. ಆಡುವವನಿಗೆ ಹೊಡೆದದ್ದೇ ಭಾರವಾಗುತ್ತದೆ.

ಕೊಟ್ಟ ಮಾತು ಉಳಿಸಿಕೊಂಡವರೂ ಇದ್ದಾರೆ. ‘ಡೇಸ್ ಗಾನ್’ ಗೇಮನ್ನು 2016ರಲ್ಲಿ ತೋರಿಸಿದಾಗ ಬೆಂಡ್ ಸ್ಟುಡಿಯೊದವರು ಮರದ ಮಿಲ್ಲಿನೊಳಗೆ ನೂರಾರು ರೋಗಪಿಶಾಚಿಗಳು ಒಬ್ಬನೇ ಮನುಷ್ಯನನ್ನು ಅಟ್ಟಿಸಿಕೊಂಡು ಬರುವ ದೃಶ್ಯವನ್ನು ನೇರವಾಗಿ ಆಡಿಯೇ ತೋರಿಸಿದರು. 2019ರ ಏಪ್ರಿಲ್‌ನಲ್ಲಿ ಗೇಮ್ ಬಂದಾಗ ಹುಳುಕು ಬೇಕಾದಷ್ಟಿತ್ತು, ವಿಮರ್ಶಕರು ಮೂಗು ಮುರಿದರು. ಆದರೆ ಆ ಹಿಂಡು ಇತ್ತು, ಆ ಮಿಲ್ಲೂ ಇತ್ತು. ಅಭಿಮಾನಿಗಳು ಆ ಗೇಮನ್ನು ಇವತ್ತಿಗೂ ಬಿಟ್ಟುಕೊಡದಿರಲು ಅದೇ ಕಾರಣ ಎಂದು ನನಗನ್ನಿಸುತ್ತದೆ.

ಇದಕ್ಕೆ ತದ್ವಿರುದ್ಧ ‘ದಿ ಡೇ ಬಿಫೋರ್’. 2021ರಲ್ಲಿ ಘೋಷಣೆಯಾದ ಈ ಜೊಂಬಿ ಗೇಮ್, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಜನ ಕೊಳ್ಳಬಯಸುವವುಗಳ ಪಟ್ಟಿಯಲ್ಲಿ ಒಂದು ಹಂತದಲ್ಲಿ ಮೊದಲ ಸ್ಥಾನದಲ್ಲಿತ್ತು. 2023ರ ಡಿಸೆಂಬರ್ 7ರಂದು ಬಿಡುಗಡೆ. 11ರಂದು ಸ್ಟುಡಿಯೊಗೇ ಬೀಗ. 2024ರ ಜನವರಿ 22ಕ್ಕೆ ಸರ್ವರ್ ಬಂದ್. ಮೂರು ವರ್ಷ ಕಾದವರಿಗೆ ಸಿಕ್ಕದ್ದು ಆರೇಳು ವಾರದ ಆಟ. ಹಣ ವಾಪಸ್ ಬಂತು.

‘ಸ್ಟಾಕರ್ 2’ ಇವೆರಡಕ್ಕೂ ಸೇರದು. ಚೆರ್ನೋಬಿಲ್ ಸುತ್ತಲಿನ ನಿಷೇಧಿತ ವಲಯದಲ್ಲಿ ನಡೆಯುವ ಈ ಗೇಮನ್ನು ಕೀವ್‌ನ ಜಿಎಸ್‌ಸಿ ಸ್ಟುಡಿಯೊ ಮಾಡುತ್ತಿದ್ದಾಗಲೇ ರಷ್ಯಾ ದಾಳಿ ಮಾಡಿತು. ತಂಡದ ಒಂದು ಭಾಗ ಪ್ರಾಗ್‌ಗೆ ಹೋಯಿತು, ಕೆಲವರು ಸೇನೆಗೆ ಸೇರಿದರು. 2024ರ ನವೆಂಬರ್ 20ಕ್ಕೆ ಗೇಮ್ ಬಂತು, ತುಂಬ ದೋಷಗಳೊಂದಿಗೆ. ಆದರೂ ಎರಡೇ ದಿನದಲ್ಲಿ ಹತ್ತು ಲಕ್ಷ ಪ್ರತಿ ಹೋಯಿತು. ಕಂಪ್ಯೂಟರಿನಲ್ಲಿ ಅದು ಕೇಳಿದ ಜಾಗ 160 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಸಿಗುವ ಮೊಬೈಲ್ ಪ್ಯಾಕ್‌ನಲ್ಲಿ ಅಷ್ಟನ್ನು ಇಳಿಸಿಕೊಳ್ಳಲು ಮೂರೂವರೆ ತಿಂಗಳು ಬೇಕು, ಅದೂ ಒಂದು ರೀಲ್ಸ್ ಕೂಡ ನೋಡದಿದ್ದರೆ.

ಹಾಗಾಗಿ ಮದ್ದೂರಿನ ಬಹುಪಾಲು ಅಭಿಮಾನಿಗಳು ಇಂಥ ಗೇಮ್‌ಗಳಿಗೆ ಆಟಗಾರರಿಗಿಂತ ಹೆಚ್ಚಾಗಿ ನೋಡುಗರು. ಬೇರೆಯವರು ಆಡಿದ್ದನ್ನು ಯೂಟ್ಯೂಬಿನಲ್ಲಿ, ಕನ್ನಡದಲ್ಲೇ ಬೈದುಕೊಂಡು ನಗಿಸುತ್ತಾ ಆಡುವವರ ಲೈವ್‌ನಲ್ಲಿ ನೋಡುತ್ತಾರೆ. ಅವರ ಕೈಯಲ್ಲಿ ಇರುವುದು ಫೋನು, ಫೋನಿನಲ್ಲಿ ಇರುವುದು ಬಿಜಿಎಂಐ. ಪಬ್‌ಜಿ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. 2021ರ ಜುಲೈಯಲ್ಲಿ ಬಿಜಿಎಂಐ ಎಂದು ಹೆಸರು ಬದಲಿಸಿಕೊಂಡು ಬಂತು, 2022ರ ಜುಲೈಯಲ್ಲಿ ಮತ್ತೆ ಮಾಯವಾಗಿ 2023ರ ಮೇನಲ್ಲಿ ಹಾಜರಾಯಿತು. ಅಷ್ಟು ಕಾದು ಕೂತವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಈ ಫೋನ್ ಆಟಗಾರರು ಮಾಡುವುದನ್ನು ಗಮನಿಸಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ಗ್ರಾಫಿಕ್ಸನ್ನು ‘ಸ್ಮೂತ್’ಗೆ ಇಳಿಸುತ್ತಾರೆ. ಕೆಳಗಿನ ದರ್ಜೆ ಅದು: ನೆರಳು ಮಾಯ, ಗೋಡೆಗಳು ಬೋಳು. ಫ್ರೇಮ್ ರೇಟನ್ನು ಮಾತ್ರ ಫೋನು ತಡೆಯುವಷ್ಟೂ ಮೇಲಕ್ಕೆ ಏರಿಸುತ್ತಾರೆ. ‘ಚಂದ ನೋಡ್ಕಂಡ್ ಕುಂತ್ರೆ ಎದುರ್ಗಡೆಯೋನು ಹೊಡ್ದಾಕ್ಬುಡ್ತಾನೆ.’ ಟ್ರೈಲರ್ ಬಂದಾಗ ಗ್ರಾಫಿಕ್ಸ್ ನೋಡಿ ಬಾಯಿ ಬಿಡುವ ಅದೇ ಹುಡುಗರು, ಆಡುವಾಗ ಗ್ರಾಫಿಕ್ಸನ್ನು ಮೊದಲು ಬಲಿ ಕೊಡುತ್ತಾರೆ. ಸ್ಟಾರ್‌ಬ್ರೀಜ್‌ನ ದೊಡ್ಡವರು ನಾಲ್ಕು ವರ್ಷದಲ್ಲಿ ಕಾಣದ ಸತ್ಯವನ್ನು ಇವರು ಒಂದು ಸೆಟ್ಟಿಂಗ್‌ನಲ್ಲಿ ಒತ್ತಿ ತೋರಿಸುತ್ತಾರೆ.

ಇನ್ನೊಂದು ಸಂಗತಿಯೂ ಅವರಿಗೆ ಗೊತ್ತು. ಫೋನಿನ ಶಕ್ತಿ ಉಳಿಸಲು ಗೇಮ್ ದೂರದ ಹುಲ್ಲನ್ನು ಬಿಡಿಸುವುದೇ ಇಲ್ಲ. ಹುಲ್ಲಿನಲ್ಲಿ ಮಲಗಿದವನಿಗೆ ತಾನು ಅಡಗಿದ್ದೇನೆ ಎಂಬ ನೆಮ್ಮದಿ. ದೂರದಲ್ಲಿ ಸ್ಕೋಪ್ ಹಿಡಿದವನಿಗೆ ಬೋಳು ನೆಲದ ಮೇಲೆ ಮಲಗಿದ ಮನುಷ್ಯ ನಿಚ್ಚಳ. ಗ್ರಾಫಿಕ್ಸ್ ಬೇರೆ, ಫೈಟ್ ಬೇರೆ ಎಂದು ಗೆರೆ ಎಳೆಯಲು ಹೊರಟವರು ಇಲ್ಲಿ ಮುಗ್ಗರಿಸುತ್ತಾರೆ. ಒಂದು ಗರಿಕೆ ಕಾಣುವುದೋ ಇಲ್ಲವೋ ಎಂಬುದರ ಮೇಲೆ ಸಾವು ಬದುಕು ನಿಂತಿರುತ್ತದೆ.

ಹುಲ್ಲಿನ ಮಾತು ಬಂದದ್ದಕ್ಕೆ ಒಂದು ಆಸೆ ಹೇಳಿಬಿಡುತ್ತೇನೆ. ಇಂಥ ಗೇಮೊಂದು ಮಂಡ್ಯ ಜಿಲ್ಲೆಯಲ್ಲಿ ನಡೆಯಬೇಕು. ಪಾಳು ನಗರ ನೋಡಿ ನೋಡಿ ಸಾಕಾಗಿದೆ. ಕಬ್ಬಿನ ಗದ್ದೆಯನ್ನು ನಾನಂತೂ ಕಂಡಿಲ್ಲ. ಆಳೆತ್ತರಕ್ಕೂ ಮೀರಿ ಬೆಳೆದ ಕಬ್ಬಿನೊಳಗೆ ಎರಡು ಮಾರು ಆಚೆಗೆ ಏನೂ ಕಾಣದು. ಗರಿಯ ಸರಸರ ಸದ್ದಷ್ಟೇ ಸುಳಿವು. ಈ ಭಾಗದ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದು ಕಟಾವಿಗೆ ಹೋದವರಿಗೆ ಹೊಸ ಸುದ್ದಿಯೇನಲ್ಲ. ಅಲ್ಲಿ ಬಂದೂಕು ದಂಡ. ಮಚ್ಚೂ ಬೀಸಲು ಜಾಗ ಬೇಡುತ್ತದೆ. ಕಬ್ಬು ತರಿದು ದಾರಿ ಮಾಡಿಕೊಂಡರೆ ಆ ದಾರಿಯೇ ನಿಮ್ಮನ್ನು ಹಿಡಿದುಕೊಡುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಿದ್ದಾರೋ ಇಲ್ಲವೋ ಎಂಬುದರ ಮೇಲೆ ದಾಟುವ ದಾರಿ ಬದಲಾಗಬೇಕು. 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿದ್ದಾಗ, ಆ ಗಾಲಿ, ರೋಲರು, ಹೊಗೆಗೊಳವೆಗಳಿಗೆ ಕಲಾವಿದರು ತುಕ್ಕು ಸೇರಿಸಬೇಕಾದ ಅಗತ್ಯವೇ ಇರಲಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ನಡೆಯುತ್ತಿರುವ ವಿದ್ಯುದಾಗಾರ ಇದೆ. ಪ್ರಳಯದ ನಂತರ ಕರೆಂಟು ಯಾರ ಕೈಯಲ್ಲಿದೆಯೋ ಅವನೇ ದೊರೆ.

ತೊಂದರೆ ಇರುವುದು ಕಬ್ಬಿನ ಗರಿಯಲ್ಲೇ. ಉದ್ದನೆಯ ತೆಳು ಎಲೆ ಒಂದರ ಮೇಲೊಂದು ಬಿದ್ದಾಗ ಗ್ರಾಫಿಕ್ಸ್ ಕಾರ್ಡು ಅದೇ ಚುಕ್ಕೆಯನ್ನು ಹತ್ತಾರು ಸಲ ಬಳಿಯಬೇಕಾಗುತ್ತದೆ. ಗಾಳಿಗೆ ಅಲ್ಲಾಡಿಸಿದರಂತೂ ಮುಗಿಯಿತು. ಒಂದು ಎಕರೆ ಕಬ್ಬು ಸರಿಯಾಗಿ ಬಿಡಿಸಲು ಹೋದರೆ ದುಬಾರಿ ಕಂಪ್ಯೂಟರೂ ಏದುಸಿರು ಬಿಡುತ್ತದೆ. ಹಾಗೆಂದು ಗರಿ ಕಡಿಮೆ ಮಾಡಿದರೆ ಅಡಗಲು ಜಾಗವಿಲ್ಲ, ಹೊಡೆದಾಟದ ರುಚಿಯೂ ಇಲ್ಲ.

ಸದ್ಯ ಪ್ರಳಯ ಕಥೆಗಳ ಅಭಿಮಾನಿಗಳು ಬಹುಕಾಲದಿಂದ ಬಾಯಲ್ಲಿಟ್ಟುಕೊಂಡಿರುವ ಹೆಸರುಗಳಲ್ಲಿ ‘ಸ್ಟೇಟ್ ಆಫ್ ಡಿಕೇ 3’ ಒಂದು. 2020ರ ಜುಲೈಯಲ್ಲಿ ಘೋಷಣೆಯ ಟ್ರೈಲರ್ ಬಂತು. ಹಿಮದಲ್ಲಿ ಜೊಂಬಿ ಜಿಂಕೆಯೊಂದು ಕಾಣಿಸಿ ಎಲ್ಲರಿಗೂ ಹುಚ್ಚು ಹಿಡಿಸಿತು. ಅದೂ ಸಿನಿಮಾ ಥರ ಮಾಡಿದ್ದೇ. ಎರಡನೇ ಟ್ರೈಲರ್ ಬರಲು 2024 ಆಯಿತು.

ಇಂಥ ಟ್ರೈಲರ್ ಮತ್ತೆ ಬಂದಾಗ ನೋಡಬೇಕಾದ್ದು ಬೆಳಕು, ಮಳೆ, ಮುಖದ ಸುಕ್ಕು ಅಲ್ಲ. ಪರದೆಯ ಮೂಲೆಯಲ್ಲಿ ಗುಂಡಿನ ಲೆಕ್ಕ, ಜೀವದ ಪಟ್ಟಿ ಕಾಣುತ್ತಿದೆಯೇ? ಒಂದೇ ಹೊಡೆದಾಟವನ್ನು ಕತ್ತರಿ ಹಾಕದೆ ಅರ್ಧ ನಿಮಿಷವಾದರೂ ತೋರಿಸಿದರೇ? ಬೀಸಿದ ಏಟು ತಪ್ಪಿದ್ದು ಒಂದಾದರೂ ಇದೆಯೇ? ತಪ್ಪೇ ಆಗದ ಆಟವನ್ನು ಯಾರೂ ಕೈಯಲ್ಲಿ ಆಡಿರುವುದಿಲ್ಲ. ಇಷ್ಟಾದ ಮೇಲೂ ಮನಸ್ಸು ತಡೆಯದೆ ಕೊಂಡರೆ, ಎರಡು ವಾರದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಫೈಟು ಹೆಂಗದೆ ಎಂದು ತಿಳಿಯಲು ಮದ್ದೂರಿನ ಹುಡುಗರಿಗೆ ಅದರಲ್ಲಿ ಕಾಲು ಭಾಗ ಸಾಕು.