ಡಿಚ್‌ಪಲ್ಲಿಯ ಡಾಕ್ಟರಮ್ಮ ಮತ್ತು ಪಾದ್ರಿ

ರಾಯಿಕೋಡಿಗೆ ನಾನು ಹೋದದ್ದು ಬೇರೆ ಕೆಲಸಕ್ಕಾಗಿ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಈ ಸೀಮೆಯಲ್ಲಿ ಹೊರಗೆ ತೆಲುಗು, ಮನೆಯೊಳಗೆ ಕನ್ನಡ ಎಂಬ ಕುಟುಂಬಗಳು ಇಂದಿಗೂ ಇವೆ. ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಮೊದಲು ಬೀದರ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು, ಎಂದರೆ ನಮ್ಮ ಕಾಸರಗೋಡು ಕೇರಳದ ಪಾಲಾದ ದಿನವೇ, ಅವು ಆಂಧ್ರದ ಪಾಲಾದುವು. ಆದುದರಿಂದ ನಾನು ಕಾಸರಗೋಡಿನ ಕನ್ನಡ ಶಾಲೆಯ ಮಾಸ್ತರನೆಂದು ತಿಳಿದ ಮೇಲೆ ಆ ಮನೆಯವರು ಊಟವಿಲ್ಲದೆ ನನ್ನನ್ನು ಬಿಡಲಿಲ್ಲ.

"ಕೇರಳದಾಗೂ ಕನ್ನಡ ಸಾಲಿ ಅದಾವೇನ್ರಿ ಮಾಸ್ತರ್?" ಎಂದು ರೊಟ್ಟಿ ಬಡಿಸುತ್ತಾ ಮನೆಯ ಹಿರಿಯ ತಾಯಿ ಕೇಳಿದರು. ಇವೆ ಎಂದೆ. ಎಷ್ಟು ದಿನ ಇರುತ್ತವೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಿಂದಿರುಗುವಾಗ ಮೆದಕ್‌ಗೆ ಹೋಗಿ ಅಲ್ಲಿಯ ದೊಡ್ಡ ಇಗರ್ಜಿಯನ್ನು ನೋಡುವ ಯೋಚನೆ ಇದೆಯೆಂದಾಗ ಆ ತಾಯಿ, "ಅದಕ್ಕ ಎಲ್ಲಾರೂ ಹೋಗ್ತಾರ‍್ರೀ. ಡಿಚ್‌ಪಲ್ಲಿ ದವಾಖಾನಿಗಿ ಯಾರೂ ಹೋಗಂಗಿಲ್ಲ. ಹಿಂದಕ ದೊಡ್ಡ ರೋಗ ಬಂದವ್ರಿಗಿ ಅಲ್ಲೇ ಒಯ್ತಿದ್ರಂತ, ನಮ್ಮತ್ತಿ ಹೇಳ್ತಿದ್ರು" ಎಂದರು.

ದೊಡ್ಡ ರೋಗವೆಂದರೆ ಕುಷ್ಠ. ಡಿಚ್‌ಪಲ್ಲಿ ಇರುವುದು ನಿಜಾಮಾಬಾದಿನ ಸಮೀಪ. ರಾಯಿಕೋಡಿನಿಂದ ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಮೇಲೆ. ಬೆರಳು ಉದುರಿದ ಒಬ್ಬನನ್ನು ಅಷ್ಟು ದೂರ ಒಯ್ಯಬೇಕಾದರೆ ಅಲ್ಲಿ ಏನೋ ಇದ್ದಿರಲೇಬೇಕು ಎನಿಸಿತು. ಊರಿಗೆ ಬಂದ ಮೇಲೆ ಹುಡುಕಿ ಓದಿದೆ. ಅಲ್ಲಿ ಇದ್ದದ್ದು ಗಂಡ ಹೆಂಡತಿ ಇಬ್ಬರು.

ಇಸಾಬೆಲ್ ಗನ್ ಹುಟ್ಟಿದ್ದು 1875ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಹೆಂಗಸರು ವೈದ್ಯಶಾಸ್ತ್ರ ಕಲಿಯುವುದು ಅಪರೂಪವಾಗಿದ್ದ ಕಾಲದಲ್ಲಿ ಆಬರ್ಡೀನ್ ವಿಶ್ವವಿದ್ಯಾಲಯದಿಂದ 1903ರಲ್ಲಿ ಡಾಕ್ಟರಾಗಿ ಹೊರಬಂದರು. ಅದೇ ವರ್ಷ ಜಾರ್ಜ್ ಕೆರ್ ಎಂಬ ವೆಸ್ಲಿಯನ್ ಮೆಥಡಿಸ್ಟ್ ಪಾದ್ರಿಯನ್ನು ಮದುವೆಯಾದರು. 1907ರಲ್ಲಿ ದಂಪತಿಗಳು ಮಿಷನ್ ಕೆಲಸಕ್ಕೆಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಬಂದಿಳಿದರು. ಆಕೆಗೆ ಆಗ ಮೂವತ್ತೆರಡು. ಹಡಗಿನಿಂದ ಇಳಿದ ಕೂಡಲೇ ಕೆಲಸ ಮಾಡಿ ಕೀರ್ತಿ ಪಡೆಯುವ ಹಾಗಿರಲಿಲ್ಲ. ಮಿಷನಿಗೆ ಬಂದವರು ಮೊದಲು ಆ ನಾಡಿನ ಮಾತು ಕಲಿಯಬೇಕೆಂಬುದು ಕಟ್ಟಳೆ. ನಿಜಾಮರ ಕಚೇರಿಯಲ್ಲಿ ಉರ್ದು, ಹಳ್ಳಿಯಲ್ಲಿ ತೆಲುಗು, ಪಡುವಣ ಅಂಚಿಗೆ ಬಂದರೆ ಕನ್ನಡ, ಮರಾಠಿ. ಎಲ್ಲಿ ನೋವೆಂದು ರೋಗಿಯನ್ನು ಕೇಳಲು ಬಾರದ ಡಾಕ್ಟರಿಂದ ಉಪಯೋಗವೇನು?

ನಿಜಾಮಾಬಾದಿನಲ್ಲಿ ಆಕೆ ಕಂಡದ್ದು, ಕುಷ್ಠ ತಗಲಿದವರಿಗೆ ಎಲ್ಲಿಯೂ ಆಸರೆಯಿಲ್ಲ ಎಂಬುದನ್ನು. ಮೊದಲಿಗೆ ಚಿಕ್ಕದೊಂದು ಆಶ್ರಯವಾಯಿತು, ಅದು ಬೇಗನೆ ಸಾಲದಾಯಿತು. ಆಗ ಒಂದು ಲಕ್ಷ ರೂಪಾಯಿ ಕೊಟ್ಟವರು ರಾಜಾ ನರಸಾಗೌಡರೆಂಬ ಹಿಂದೂ ದಾನಿ. ಆ ಕಾಲದ ಒಂದು ಲಕ್ಷ! ಡಿಚ್‌ಪಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ ಆಸ್ಪತ್ರೆ 1915ರಲ್ಲಿ ನಿಂತಿತು. ಮಿಷನರಿಗಳೆಂದರೆ ಮತಾಂತರ ಎಂಬ ಒಂದೇ ಮಾತಿನಲ್ಲಿ ಮುಗಿಸುವವರು ನಮ್ಮಲ್ಲಿದ್ದಾರೆ. ಅವರು ಧರ್ಮ ಬೋಧಿಸಲೆಂದೇ ಬಂದವರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪಾದ್ರಿಯ ಆಸ್ಪತ್ರೆಗೆ ಹಣ ಕೊಡುವಾಗ ನರಸಾಗೌಡರಿಗೆ ಅದು ತಿಳಿಯದೆ ಇದ್ದಿತೇ? ತಿಳಿದೇ ಕೊಟ್ಟರು ಎಂದು ನನಗೆ ತೋರುತ್ತದೆ.

ಇನ್ನು ದಿನಚರಿ. ಆ ಕಾಲದ ಕುಷ್ಠಾಸ್ಪತ್ರೆಯ ಬೆಳಗು ಪ್ರಾರಂಭವಾಗುತ್ತಿದ್ದುದು ಹುಣ್ಣು ತೊಳೆಯುವುದರಿಂದ. ಈ ರೋಗದಲ್ಲಿ ನರ ಸಾಯುತ್ತದೆ, ಸ್ಪರ್ಶ ಹೋಗುತ್ತದೆ. ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯದು, ಒಲೆಯ ಮುಂದೆ ಬೆರಳು ಸುಟ್ಟರೂ ತಿಳಿಯದು, ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗದು. ಬೆರಳು ಹೋಗುವುದು ರೋಗಾಣುವಿನಿಂದ ನೇರವಾಗಿ ಅಲ್ಲ, ಹೀಗೆ ತಿಳಿಯದೆ ಆದ ಗಾಯಗಳಿಂದ. ಆದ್ದರಿಂದ ಪ್ರತಿಯೊಬ್ಬನ ಅಂಗಾಲನ್ನು ಪ್ರತಿದಿನವೂ ನೋಡಬೇಕು. ತೊಳೆಯಬೇಕು, ಬಟ್ಟೆ ಕಟ್ಟಬೇಕು. ನಾಳೆ ಬಿಚ್ಚಿ ಮತ್ತೆ ಕಟ್ಟಬೇಕು. ನಮ್ಮ ಮನೆಯಲ್ಲಿ ಒಬ್ಬ ಹಿರಿಯರಿಗೆ ಸಕ್ಕರೆ ಕಾಯಿಲೆಯ ಹುಣ್ಣಾದರೆ ತಿಂಗಳೊಳಗೆ ಸೊಸೆ ಮಕ್ಕಳು ಬೇಸತ್ತು ಹೋಗುವುದನ್ನು ಕಂಡಿದ್ದೇವೆ. ಇಲ್ಲಿಯದು ವರ್ಷವಿಡೀ, ಗುರುತಿಲ್ಲದವರ ಕಾಲು.

ಅದರ ಮೇಲೆ ಚುಚ್ಚುಮದ್ದಿನ ದಿನ. ಈ ಎಣ್ಣೆಯ ವಿಚಾರ ನಮ್ಮವರಿಗೆ ಹತ್ತಿರದ್ದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಘಟ್ಟದ ಬದಿಯ ತೋಡುಗಳ ಪಕ್ಕದಲ್ಲಿ ಬೆಳೆಯುವ, ಕಂದು ಬಣ್ಣದ ಗಟ್ಟಿ ಉರುಟು ಕಾಯಿಯ ಮರವೊಂದಿದೆ. ಕನ್ನಡದಲ್ಲಿ ಗರುಡಫಲ, ಮಲೆಯಾಳದಲ್ಲಿ ಮರೋಟ್ಟಿ. ಅದರ ಬೀಜದ ಎಣ್ಣೆಯನ್ನು ಹಿಂದೆ ದೀಪಕ್ಕೆ ಹೊತ್ತಿಸುತ್ತಿದ್ದರು, ಕಾಯಿಯ ಹೋಳನ್ನೇ ಹಣತೆ ಮಾಡುವುದೂ ಉಂಟು. ಈ ಜಾತಿಯ ಎಣ್ಣೆ ಕುಷ್ಠಕ್ಕೆ ಮದ್ದೆಂದು ನಮ್ಮ ನಾಡವೈದ್ಯರಿಗೆ ಗೊತ್ತಿತ್ತು. ಆದರೆ ಕುಡಿದರೆ ವಾಂತಿ. ಹೆಚ್ಚಿನವರು ಅರ್ಧದಲ್ಲಿ ಬಿಡುತ್ತಿದ್ದರು. 1920ರ ಸುಮಾರಿಗೆ ಕಲ್ಕತ್ತದಲ್ಲಿ ಡಾಕ್ಟರ್ ಅರ್ನೆಸ್ಟ್ ಮ್ಯೂರ್ ಮೊದಲಾದವರು ಅದನ್ನು ಸೂಜಿಯಿಂದ ಕೊಡುವ ಕ್ರಮವನ್ನು ಬಳಕೆಗೆ ತಂದರು. ಇಸಾಬೆಲ್ ಕೆರ್ ಅದನ್ನು ಡಿಚ್‌ಪಲ್ಲಿಯಲ್ಲಿ ಕೈಗೊಂಡರು.

ಕೇಳಲು ಸುಲಭ. ಮಂದವಾದ ಎಣ್ಣೆ ದಪ್ಪ ಸೂಜಿಯಲ್ಲಿ ನಿಧಾನವಾಗಿ ಇಳಿಯಬೇಕು. ನೋವು ಬಹಳ, ಕೆಲವೊಮ್ಮೆ ಚುಚ್ಚಿದಲ್ಲಿ ಕುರುವಾಗುತ್ತಿತ್ತು. ವಾರಕ್ಕೆ ಎರಡು ಸಲದಂತೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನಡೆಯಬೇಕು. ರೋಗ ಹಿಡಿದ ಮೊದಲಲ್ಲೇ ಬಂದವರಲ್ಲಿ ಗುಣ ಕಾಣುತ್ತಿತ್ತು, ತಡವಾಗಿ ಬಂದವರಲ್ಲಿ ಕಡಿಮೆ. ಮೊದಲಲ್ಲೇ ಬರಬೇಕಾದರೆ ರೋಗವನ್ನು ಅಡಗಿಸಬಾರದು. ಅಡಗಿಸಬಾರದೆಂದರೆ ಊರು ಹೊರಗಟ್ಟಬಾರದು. ಡಾಕ್ಟರ ಸೂಜಿ ಮುಟ್ಟಲಾಗದ ಜಾಗ ಇದು.

ಮದ್ದಿನಷ್ಟೇ ಮುಖ್ಯವಾದದ್ದು ಅನ್ನ ಮತ್ತು ಕೆಲಸವೆಂದು ಮ್ಯೂರ್ ಹೇಳುತ್ತಿದ್ದರು. ಮೈಯಲ್ಲಿ ಶಕ್ತಿಯಿರಬೇಕು, ಕೈಕಾಲು ಆಡುತ್ತಿರಬೇಕು. ಎಂದ ಮೇಲೆ ಕುಷ್ಠಾಶ್ರಮವೆಂದರೆ ಬರಿಯ ಮಂಚಗಳ ಸಾಲಲ್ಲ. ಅಲ್ಲಿ ಬಾವಿ, ಗದ್ದೆ, ಅಡುಗೆ, ಲೆಕ್ಕ, ಕಟ್ಟಡದ ರಿಪೇರಿ, ಸತ್ತವರ ಸಂಸ್ಕಾರ ಎಲ್ಲವೂ ಬೇಕು. ಇಂಥ ಊರಿನಂಥ ಊರನ್ನು ಪಾದ್ರಿ ಗಂಡನೂ ಡಾಕ್ಟರ್ ಹೆಂಡತಿಯೂ ಕೂಡಿ ನಡೆಸಿದರು. 1923ರಲ್ಲಿ ಸರಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಾಗ ಇಬ್ಬರಿಗೂ ಕೊಟ್ಟಿತು. ಇದನ್ನು ಯಾಕೆ ಹೇಳುತ್ತೇನೆಂದರೆ, ಮಿಷನಿನ ಹಳೆಯ ಕಡತಗಳಲ್ಲಿ ಹೆಚ್ಚಿನ ಹೆಂಡತಿಯರು "ಮತ್ತು ಶ್ರೀಮತಿ" ಎಂಬುದರೊಳಗೆ ಮುಗಿದು ಹೋಗುತ್ತಾರೆ, ಸ್ವಂತ ಹೆಸರೂ ಸಿಕ್ಕುವುದಿಲ್ಲ. ನಮ್ಮ ಜಾತ್ರೆಯ ಕರೆಯೋಲೆಗಳೂ ಹಾಗೆಯೇ ಅನ್ನಿ.

ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಆ ಕಾಲದ ಕುಷ್ಠಾಶ್ರಮಗಳಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಮಕ್ಕಳು ಹುಟ್ಟಬಾರದೆಂದು ಗಂಡ ಹೆಂಡಿರನ್ನೂ ಬೇರೆ ಇಡುತ್ತಿದ್ದುದುಂಟು. ಜೊತೆಯಾಗಿ ಸಮುದ್ರ ದಾಟಿ ಬಂದವರ ಪಂಗಡವೇ ನಡೆಸುತ್ತಿದ್ದ ಜಾಗಗಳಲ್ಲಿ ಜೊತೆಯಾಗಿ ಬಂದ ರೋಗಿಗಳಿಗೆ ಜೊತೆಯಿಲ್ಲ. ರೋಗದ ಭಯ ಅಷ್ಟಿತ್ತು. ಅವರನ್ನು ದೂರುವ ಮೊದಲು ನಮ್ಮದನ್ನೂ ನೋಡಬೇಕು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠವು ವಿಚ್ಛೇದನಕ್ಕೆ ಕಾರಣವಾಗಿತ್ತು. ಆ ಮಾತನ್ನು ಕಾಯಿದೆಯಿಂದ ತೆಗೆದದ್ದು 2019ರಲ್ಲಿ. ಅಷ್ಟರೊಳಗೆ ಈ ರೋಗಕ್ಕೆ ಸರಿಯಾದ ಮದ್ದು ಬಂದು ದಶಕಗಳೇ ಕಳೆದಿದ್ದವು.

ಆ ಮದ್ದು ಇಸಾಬೆಲ್ ಕಾಣಲಿಲ್ಲ. ಐವತ್ತು ದಾಟಿದ ಮೇಲೂ ಡಿಚ್‌ಪಲ್ಲಿಯನ್ನು ಬಿಡದೆ, 1930ರ ದಶಕದ ಮೊದಲಲ್ಲಿ ಹಠಾತ್ತಾಗಿ ತೀರಿಕೊಂಡರು. ಮೂವತ್ತು ವರ್ಷಗಳಷ್ಟು ಕಾಲದ ದಾಂಪತ್ಯ. ಜಾರ್ಜ್ ಕೂಡಲೇ ಊರಿಗೆ ಮರಳಲಿಲ್ಲ, ಇನ್ನೂ ಕೆಲವು ವರ್ಷ ಅಲ್ಲೇ ಇದ್ದು ಕೆಲಸ ನಡೆಸಿದರು. ಬೆಳಗ್ಗೆ ಗಾಯ ತೊಳೆಯುವ ಹೊತ್ತಿಗೆ ಆ ಮನುಷ್ಯ ಎತ್ತ ನೋಡುತ್ತಿದ್ದನೋ. ಅವರ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಜಾನ್ ಲೋ ಎಂಬ ಡಾಕ್ಟರು ಮುಂದೆ ನೈಜೀರಿಯಕ್ಕೆ ಹೋಗಿ, 1940ರ ದಶಕದ ಕೊನೆಗೆ ಡ್ಯಾಪ್ಸೋನ್ ಗುಳಿಗೆ ನುಂಗಿಸಿ ಕುಷ್ಠವನ್ನು ವಾಸಿ ಮಾಡಬಹುದೆಂದು ತೋರಿಸಿದವರಲ್ಲಿ ಒಬ್ಬರಾದರು. ಎಣ್ಣೆಯ ಕಾಲ ಅಲ್ಲಿಗೆ ಮುಗಿಯಿತು. ಈಗ ಹಲವು ಮದ್ದು ಸೇರಿಸಿದ ಚಿಕಿತ್ಸೆ ಸರಕಾರಿ ಆಸ್ಪತ್ರೆಗಳಲ್ಲಿ ಹಣವಿಲ್ಲದೆ ಸಿಗುತ್ತದೆ. ಆರು ತಿಂಗಳು, ಇಲ್ಲವೇ ಒಂದು ವರ್ಷ ಸಾಕು.

ಇದನ್ನೆಲ್ಲ ಒಂಬತ್ತನೆಯ ತರಗತಿಯಲ್ಲಿ ಹೇಳಿದ ಮರುದಿನ ಒಬ್ಬ ಹುಡುಗ ಅಜ್ಜಿ ಗಂಟುನೋವಿಗೆ ಹಚ್ಚುವ ಮರೋಟ್ಟಿ ಎಣ್ಣೆಯ ಕುಪ್ಪಿಯನ್ನು ತಂದ. ಮಕ್ಕಳು ಮೂಸಿ ಮುಖ ಸಿಂಡರಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕುಪ್ಪಿಯನ್ನು ಓರೆ ಮಾಡಿ, ಎಣ್ಣೆ ಮೆಲ್ಲನೆ ಜಾರುವುದನ್ನು ನೋಡುತ್ತಾ, "ಇದು ಸೂಜಿಯಲ್ಲಿ ಇಳಿಯುವಷ್ಟು ಹೊತ್ತು ಅವರು ಕೈ ಹಿಡಿದುಕೊಂಡೇ ಕೂರಬೇಕಲ್ಲ ಸರ್?" ಎಂದಳು.